ಸರಿಯಾದ ಹಲ್ಲು ಮತ್ತೆ ಸರಿಯುವುದೇಕೆ?

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತೆಲ್ಲ ಕ್ಲಿಪ್ ಬಿಚ್ಚಿದ ಮೇಲಿನ ದಿನಗಳ ಬಗ್ಗೆ. ಒಂದೂವರೆ, ಎರಡು ವರ್ಷ ತಂತಿ ಬಿಗಿಸಿಕೊಂಡು ಹಲ್ಲು ನೆಟ್ಟಗಾದ ಮೇಲೆ, ಆರು ತಿಂಗಳಿಗೋ ಆರು ವರ್ಷಕ್ಕೋ, ಮುಂದಿನ ಎರಡು ಹಲ್ಲಿನ ನಡುವೆ ನಾಲಿಗೆಗೆ ಮತ್ತೆ ಸಂದು ತಗುಲುತ್ತದೆ. ಆಗ ಹುಟ್ಟುವ ಪ್ರಶ್ನೆ ಎರಡೇ. ಚಿಕಿತ್ಸೆಯಲ್ಲಿ ಏನಾದರೂ ತಪ್ಪಾಯಿತೇ? ಇಲ್ಲ, ಸರಿಯಾದ ಹಲ್ಲು ಮತ್ತೆ ಸರಿಯದಂತೆ ಹಿಡಿದಿಡುವ ಸಾಧನವಾದ ರಿಟೇನರ್ ಸರಿಯಾಗಿ ಹಾಕದೆ ನಾನೇ ಕೆಡಿಸಿಕೊಂಡೆನೇ? ಎರಡೂ ಆಗಿರಬಹುದು, ಎರಡೂ ಆಗಿಲ್ಲದೆಯೂ ಇರಬಹುದು. ಸಂದು ಎಲ್ಲಿ ಬಿಟ್ಟಿತು, ಯಾವಾಗ ಬಿಟ್ಟಿತು ಎಂಬುದನ್ನು ಗಮನಿಸಿದರೆ ಯಾಕೆ ಬಿಟ್ಟಿತು ಎಂಬುದು ಬಹುಪಾಲು ತಿಳಿಯುತ್ತದೆ. ಅದು ತಿಳಿಯದೆ ಮತ್ತೆ ತಂತಿ ಕಟ್ಟಿದರೆ ಅದೇ ಸಂದು ಅದೇ ಜಾಗದಲ್ಲಿ ಮೂರನೇ ಸಲವೂ ಬಿಡುತ್ತದೆ.

ಮೊದಲು ಹಲ್ಲು ನಿಂತಿರುವ ನೆಲ ನೋಡೋಣ. ಹಲ್ಲಿನ ಬೇರು ಮೂಳೆಗೆ ನೇರವಾಗಿ ಅಂಟಿಕೊಂಡಿಲ್ಲ. ಎರಡರ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವಿದೆ. ತೊಟ್ಟಿಲು ಹಗ್ಗಗಳಲ್ಲಿ ನೇತಾಡುವ ಹಾಗೆ ಹಲ್ಲು ಆ ನಾರುಗಳಲ್ಲಿ ನೇತಾಡುತ್ತಿರುತ್ತದೆ. ಕ್ಲಿಪ್ಪಿನ ತಂತಿ ಮೆಲ್ಲಗೆ ಒತ್ತಿದಾಗ, ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಎಳೆತ ಬಿದ್ದ ಕಡೆ ಹೊಸ ಮೂಳೆ ಬೆಳೆಯುತ್ತದೆ. ಹಲ್ಲು ತಿಂಗಳಿಗೆ ಹೆಚ್ಚುಕಡಿಮೆ 1 ಮಿಲಿಮೀಟರ್‌ನಂತೆ ಸಾಗುತ್ತದೆ. ಕ್ಲಿಪ್ ಬಿಚ್ಚಿದ ದಿನ ಹಲ್ಲು ಹೊಸ ಜಾಗಕ್ಕೆ ಬಂದಿರುತ್ತದೆ, ಆದರೆ ಸುತ್ತಲಿನ ಮೂಳೆ ಇನ್ನೂ ಎಳೆಯದು, ನಾರಿನ ಪದರ ಅಗಲವಾಗಿದೆ, ಬೆರಳಿನಿಂದ ಒತ್ತಿದರೆ ಹಲ್ಲು ಚೂರು ಅಲುಗುತ್ತದೆ. ಆ ಅಲುಗಾಟ ಕಂಡು ಗಾಬರಿಯಾಗಬೇಕಿಲ್ಲ. ಹಾಗೆಂದು ಚಿಕಿತ್ಸೆ ಮುಗಿಯಿತೆಂದು ನಿಶ್ಚಿಂತೆಯಿಂದ ಇರುವ ಹೊತ್ತೂ ಅದಲ್ಲ.

ಬೇರಿನ ಸುತ್ತಲ ನಾರುಗಳು ಹೊಸ ಜಾಗಕ್ಕೆ ಹೊಂದಿಕೊಳ್ಳಲು ಮೂರ‍್ನಾಲ್ಕು ತಿಂಗಳು ಬೇಕು. ಆ ಹೊಂದಾಣಿಕೆ ನಿಜವಾಗಿ ಶುರುವಾಗುವುದೇ ಕ್ಲಿಪ್ ಬಿಚ್ಚಿದ ಮೇಲೆ. ದಪ್ಪ ತಂತಿ ಎಲ್ಲ ಹಲ್ಲುಗಳನ್ನು ಒಟ್ಟಿಗೆ ಕಟ್ಟಿ ಹಿಡಿದಿರುವಷ್ಟು ದಿನ ಪ್ರತಿ ಹಲ್ಲಿಗೂ ಅಗಿಯುವಾಗಿನ ಸಣ್ಣ ಕುಲುಕಾಟ ಬೇರೆ ಬೇರೆಯಾಗಿ ಸಿಗುವುದಿಲ್ಲ. ಒಸಡಿನೊಳಗಿನ ನಾರುಗಳದು ಇನ್ನೂ ನಿಧಾನದ ಲೆಕ್ಕ. ಅಲ್ಲಿನ ಕೊಲಾಜನ್ ನಾರುಗಳಿಗೆ ನಾಲ್ಕರಿಂದ ಆರು ತಿಂಗಳು ಸಾಕು. ಆದರೆ ಮೂಳೆಯ ಅಂಚಿಗಿಂತ ಮೇಲೆ, ಒಂದು ಹಲ್ಲಿನಿಂದ ಪಕ್ಕದ ಹಲ್ಲಿಗೆ ಹಾದುಹೋಗುವ ಎಲಾಸ್ಟಿಕ್ ನಾರುಗಳು ವರ್ಷ ಕಳೆದರೂ ಹಿಗ್ಗಿದ ರಬ್ಬರಿನಂತೆ ಎಳೆಯುತ್ತಲೇ ಇರುತ್ತವೆ. ನಾರ್ವೆಯ ವಿಜ್ಞಾನಿ ಕಾರೆ ರೈಟಾನ್ ನಾಯಿಗಳ ಹಲ್ಲು ತಿರುಗಿಸಿ ಮಾಡಿದ ಪ್ರಯೋಗಗಳಲ್ಲಿ, ಹಿಡಿದಿಟ್ಟ 232 ದಿನಗಳ ಮೇಲೂ ಈ ನಾರುಗಳು ಎಳೆದುಕೊಂಡ ಸ್ಥಿತಿಯಲ್ಲೇ ಇದ್ದವು. ತಿರುಚಿಕೊಂಡಿದ್ದ ಹಲ್ಲು ಎಲ್ಲಕ್ಕಿಂತ ಬೇಗ ಹಳೆಯ ದಿಕ್ಕಿಗೆ ತಿರುಗಲು ಮುಖ್ಯ ಕಾರಣ ಇದೇ. ಹಾಗಾಗಿ ಮೊದಲ ಕೆಲವು ವಾರ, ತಿಂಗಳಲ್ಲೇ ಹಲ್ಲು ತಿರುಗಿದರೆ ಅನುಮಾನ ಮೊದಲು ಒಸಡಿನ ನಾರಿನ ಮೇಲೆ ಹೋಗಬೇಕು.

ಇದಕ್ಕೆ ಚಿಕಿತ್ಸೆಯ ಒಳಗೇ ಉಪಾಯಗಳಿವೆ. ತಿರುಚಿದ ಹಲ್ಲನ್ನು ಮೊದಲ ತಿಂಗಳುಗಳಲ್ಲೇ ನೆಟ್ಟಗೆ ಮಾಡಿಬಿಟ್ಟರೆ ಉಳಿದ ಚಿಕಿತ್ಸೆಯುದ್ದಕ್ಕೂ ಅದು ಹೊಸ ಜಾಗದಲ್ಲಿ ನಿಂತಿರುತ್ತದೆ. ಕೆಲವರು ಬೇಕೆಂದೇ ಚೂರು ಹೆಚ್ಚು ತಿರುಗಿಸಿ ಬಿಡುತ್ತಾರೆ. ಮೂರನೆಯದು, ಅರಿವಳಿಕೆ ಕೊಟ್ಟು ಹಲ್ಲಿನ ಸುತ್ತ ಒಸಡಿನೊಳಗೆ ಸಣ್ಣ ಅಲಗು ಇಳಿಸಿ, ಮೂಳೆಯ ಅಂಚಿನವರೆಗೆ ಆ ನಾರುಗಳನ್ನು ಕತ್ತರಿಸುವುದು. ಹೊಲಿಗೆ ಬೇಕಾಗುವುದಿಲ್ಲ, ನಾರುಗಳು ಹಲ್ಲಿನ ಹೊಸ ಸ್ಥಾನಕ್ಕೆ ತಕ್ಕಂತೆ ಬೆಸೆದುಕೊಳ್ಳುತ್ತವೆ. 1970ರಲ್ಲಿ ಇದನ್ನು ವಿವರಿಸಿದ ಜಾನ್ ಎಡ್ವರ್ಡ್ಸ್ 1988ರಲ್ಲಿ ದೀರ್ಘಕಾಲದ ಫಲಿತಾಂಶವನ್ನೂ ಪ್ರಕಟಿಸಿದರು. ತಿರುಚಿದ ಹಲ್ಲಿಗೆ ಇದರಿಂದ ಚೆನ್ನಾಗಿ ಪ್ರಯೋಜನವಾಗುತ್ತದೆ, ಹಿಂದೆಮುಂದೆ ಬಾಗಿದ್ದ ಹಲ್ಲಿಗೆ ಅಷ್ಟಿಲ್ಲ. ಕೆಳಗಿನ ಹಲ್ಲುಗಳಿಗಿಂತ ಮೇಲಿನವುಗಳಲ್ಲಿ ಫಲ ಹೆಚ್ಚು. ಒಸಡು ಊದಿಕೊಂಡಿದ್ದಾಗ ಇದನ್ನು ಮಾಡಬಾರದು. ಚಿಕಿತ್ಸೆಯ ಕೊನೆಗೆ, ಹಲ್ಲನ್ನು ತಂತಿಯೋ ರಿಟೇನರೋ ಗಟ್ಟಿಯಾಗಿ ಹಿಡಿದಿರುವಾಗಲೇ ಮಾಡಬೇಕು. ಹಲ್ಲು ತುಂಬಾ ತಿರುಗಿಕೊಂಡಿದ್ದವರು ಕ್ಲಿಪ್ ಬಿಚ್ಚುವ ಮೊದಲೇ ಈ ವಿಷಯವನ್ನು ವೈದ್ಯರ ಮುಂದೆ ಎತ್ತುವುದು ಒಳ್ಳೆಯದು.

ಇನ್ನು ಒತ್ತಡದ ಲೆಕ್ಕ. ಹಲ್ಲಿನ ಸಾಲು ಒಳಗಡೆ ನಾಲಿಗೆ, ಹೊರಗಡೆ ತುಟಿ ಮತ್ತು ಕೆನ್ನೆ, ಇವುಗಳ ನಡುವೆ ನಿಂತಿದೆ. ಅಗಿಯುವಾಗ ಬೀಳುವ ಭಾರ ದೊಡ್ಡದು, ಆದರೆ ಕ್ಷಣಿಕ; ಅದರಿಂದ ಹಲ್ಲು ಸರಿಯುವುದಿಲ್ಲ. ಹಗುರವಾದರೂ ದಿನಕ್ಕೆ ಸುಮಾರು ಆರು ಗಂಟೆಯಾದರೂ ಬಿಡದೆ ಬೀಳುವ ಒತ್ತಡವೇ ಹಲ್ಲನ್ನು ಸರಿಸುವುದು. ಈ ಒಂದು ಸಂಗತಿ ಹಿಡಿದುಕೊಂಡರೆ ಹಲವು ಗೊಂದಲ ಬಗೆಹರಿಯುತ್ತವೆ. ನುಂಗುವಾಗ ನಾಲಿಗೆ ಹಲ್ಲಿಗೆ ತಾಗುವುದು ಒಂದೊಂದು ಸೆಕೆಂಡು. ಆದರೆ ಸುಮ್ಮನೆ ಕೂತಾಗ, ಮಲಗಿದಾಗ ನಾಲಿಗೆಯ ತುದಿ ಮುಂದಿನ ಹಲ್ಲುಗಳ ನಡುವೆ ಇಣುಕಿ ನಿಂತಿರುತ್ತಿದ್ದರೆ ಅದು ಗಂಟೆಗಟ್ಟಲೆಯ ಒತ್ತಡ. ಮೂಗು ಕಟ್ಟಿ ಬಾಯಲ್ಲಿ ಉಸಿರಾಡುವವರಲ್ಲಿ ನಾಲಿಗೆ ಕೆಳಗೆ, ಮುಂದಕ್ಕೆ ಕೂರುವುದು ಸಾಮಾನ್ಯ. ಇಂಥವರಿಗೆ ಸಂದು ಮುಚ್ಚಿ ರಿಟೇನರ್ ಕೊಟ್ಟು ಕಳಿಸಿದರೆ ಅರ್ಧ ಕೆಲಸ ಮಾಡಿದ ಹಾಗೆ. ನಾಲಿಗೆಯ ತುದಿ ಮೇಲಿನ ಬಾಚಿಹಲ್ಲಿನ ಹಿಂದೆ ಅಂಗುಳಕ್ಕೆ ತಾಗಿ, ತುಟಿ ಮುಚ್ಚಿ, ಮೂಗಿನಲ್ಲಿ ಉಸಿರಾಡುವುದು ಅಭ್ಯಾಸವಾಗಬೇಕು. ಮೂಗಿನ ತೊಂದರೆ ಇದ್ದರೆ ಅದಕ್ಕೆ ಬೇರೆ ವೈದ್ಯರನ್ನೇ ಕಾಣಬೇಕು. ರಾತ್ರಿಯಿಡೀ ಹಾಕುವ ರಿಟೇನರ್ ಕೆಲಸ ಮಾಡುವುದೂ, ದಿನಕ್ಕೆ ಎರಡು ಗಂಟೆ ನೆಪಕ್ಕೆ ಹಾಕುವ ರಿಟೇನರ್ ಕೆಲಸಕ್ಕೆ ಬಾರದಿರುವುದೂ ಇದೇ ಗಂಟೆಯ ಲೆಕ್ಕದಿಂದ.

ಕೆಳದವಡೆಯ ಎರಡು ಕೋರೆಹಲ್ಲುಗಳ ನಡುವಿನ ಅಗಲದ ಬಗ್ಗೆ ಒಂದು ಮಾತು. ಜಾಗ ಸಾಲದೆಂದು ಆ ಅಗಲವನ್ನು ಹಿಗ್ಗಿಸಿ ಹಲ್ಲು ಜೋಡಿಸಿದರೆ, ಹಿಡಿತ ತಪ್ಪಿದ ಕೂಡಲೇ ಅದು ಹಳೆಯ ಅಳತೆಗೆ ಕುಗ್ಗುತ್ತದೆ. ಆಗ ನಡುವಿನ ನಾಲ್ಕು ಬಾಚಿಹಲ್ಲು ಒಂದರ ಮೇಲೊಂದು ಏರುತ್ತವೆ.

ಈಗ ವರ್ಷಗಳ ನಂತರದ ಸರಿಯುವಿಕೆ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಲಿಟ್ಲ್ ಮತ್ತು ಜೊತೆಗಾರರು, ಮುಂದವಡೆ ಹಲ್ಲು (ಕೋರೆಹಲ್ಲಿನ ಹಿಂದಿನ ಸಣ್ಣ ದವಡೆಹಲ್ಲು) ಕೀಳಿಸಿ ಚಿಕಿತ್ಸೆ ಪಡೆದವರನ್ನು ದಶಕಗಳ ಕಾಲ ಹಿಂಬಾಲಿಸಿ ಅಳೆದರು. 1981ರ ವರದಿಯಲ್ಲಿ, ರಿಟೇನರ್ ಬಿಟ್ಟು ಹತ್ತು ವರ್ಷವಾದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರ ಕೆಳ ಬಾಚಿಹಲ್ಲು ಮತ್ತೆ ಇಕ್ಕಟ್ಟಾಗಿದ್ದವು. 1988ರ ವರದಿಯಲ್ಲಿ, ಇಪ್ಪತ್ತು ವರ್ಷದ ಹೊತ್ತಿಗೆ ಒಪ್ಪುವಂಥ ಜೋಡಣೆ ಉಳಿಸಿಕೊಂಡಿದ್ದವರು ಹತ್ತರಲ್ಲಿ ಒಬ್ಬರಷ್ಟೇ. ಯಾರದು ಸರಿಯುತ್ತದೆ, ಯಾರದು ನಿಲ್ಲುತ್ತದೆ ಎಂದು ಮೊದಲೇ ಹೇಳುವ ಗುರುತೂ ಸಿಗಲಿಲ್ಲ. ರಿಟೇನರ್ ಎಷ್ಟು ದಿನ ಎಂಬ ಪ್ರಶ್ನೆಗೆ, ನೆಟ್ಟಗಿನ ಹಲ್ಲು ಬೇಕೆನ್ನಿಸುವಷ್ಟು ದಿನ ಎಂದು ನಾವು ಉತ್ತರಿಸುವುದು ಇಂಥ ಫಲಿತಾಂಶಗಳನ್ನು ನೋಡಿಯೇ.

ಕ್ಲಿಪ್ಪನ್ನೇ ಹಾಕಿಸದವರಲ್ಲೂ ವಯಸ್ಸು ಏರಿದಂತೆ ಕೆಳಗಿನ ಬಾಚಿಹಲ್ಲು ಇಕ್ಕಟ್ಟಾಗುತ್ತವೆ. ಕೂದಲು ನರೆಯುವ ಹಾಗೆ ಇದೂ ದೇಹದ ಬದಲಾವಣೆ. ಹದಿಹರೆಯದ ಕೊನೆಯಲ್ಲಿ ಕೆಳದವಡೆ ಇನ್ನೂ ಚೂರು ಬೆಳೆಯುತ್ತದೆ, ಹಲ್ಲುಗಳಿಗೆ ಮುಂದಕ್ಕೆ ಸರಿಯುವ ಸ್ವಭಾವವಿದೆ, ಕೋರೆಹಲ್ಲುಗಳ ನಡುವಿನ ಅಗಲ ಕುಗ್ಗುತ್ತಾ ಹೋಗುತ್ತದೆ. ಬುದ್ಧಿಹಲ್ಲು ಹಿಂದಿನಿಂದ ತಳ್ಳಿ ಹೀಗಾಗುತ್ತದೆಂಬ ನಂಬಿಕೆ ಬಲವಾಗಿದೆ. ಆದರೆ ಬುದ್ಧಿಹಲ್ಲು ಹುಟ್ಟದೇ ಇರುವವರಲ್ಲೂ, ಕೀಳಿಸಿಕೊಂಡವರಲ್ಲೂ ಇಕ್ಕಟ್ಟು ಬರುತ್ತದೆ. ನೋವು, ಹುಳುಕು, ಒಸಡಿನ ಸೋಂಕಿನಂಥ ಬೇರೆ ಕಾರಣವಿದ್ದರೆ ಬುದ್ಧಿಹಲ್ಲು ಕೀಳಿಸಿ. ಮುಂದಿನ ಹಲ್ಲು ನೆಟ್ಟಗಿರಲೆಂಬ ಒಂದೇ ಆಸೆಗೆ ಬೇಡ.

ಈಗ ಸಂದಿನ ಜಾಗಕ್ಕೆ ಬರೋಣ.

ಮೇಲಿನ ಎರಡು ನಡು ಬಾಚಿಹಲ್ಲುಗಳ ಮಧ್ಯೆ ಮತ್ತೆ ಸಂದು ಬಿಟ್ಟಿದ್ದರೆ, ಮೇಲ್ದುಟಿಯನ್ನು ಎತ್ತಿ ಕನ್ನಡಿಯಲ್ಲಿ ನೋಡಿ. ತುಟಿಯ ಒಳಗಿನಿಂದ ಒಸಡಿಗೆ ಇಳಿಯುವ ಒಂದು ಮಾಂಸದ ಪಟ್ಟಿ ಕಾಣುತ್ತದೆ. ತುಟಿಯನ್ನು ಮುಂದಕ್ಕೆ, ಮೇಲಕ್ಕೆ ಎಳೆದಾಗ ಹಲ್ಲುಗಳ ಹಿಂಬದಿಯ ಒಸಡಿನ ಗುಬುಟು ಬೆಳ್ಳಗಾದರೆ, ಆ ಪಟ್ಟಿ ಹಲ್ಲುಗಳ ನಡುವೆ ಆಳಕ್ಕೆ ಇಳಿದಿದೆ ಎಂದರ್ಥ. ಅದನ್ನು ಕತ್ತರಿಸುವುದು ಸಣ್ಣ ಶಸ್ತ್ರಚಿಕಿತ್ಸೆ, ಆದರೆ ಕ್ರಮ ಮುಖ್ಯ. ಸಾಮಾನ್ಯವಾಗಿ ಮೊದಲು ಸಂದು ಮುಚ್ಚಬೇಕು, ಆಮೇಲೆ ಕತ್ತರಿಸಬೇಕು. ಮೊದಲೇ ಕತ್ತರಿಸಿದರೆ ಅಲ್ಲಿ ಕಟ್ಟುವ ಗಾಯದ ಗುರುತೇ ಹಲ್ಲುಗಳು ಹತ್ತಿರ ಬರಲು ಅಡ್ಡಿಯಾಗಬಹುದು.

ನಡು ಹಲ್ಲಿನ ಪಕ್ಕದ ಬಾಚಿಹಲ್ಲು ಸಣ್ಣದಿರುವವರ ಕಥೆ ಬೇರೆ. ಕೆಳಗಿನ ಆರು ಮುಂಬಲ್ಲುಗಳ ಒಟ್ಟು ಅಗಲ ಮೇಲಿನ ಆರರ ಅಗಲದ ಸುಮಾರು 77.2 ಪ್ರತಿಶತ ಇದ್ದರೆ ಎರಡೂ ಸಾಲು ಹೊಂದಿ ಕೂರುತ್ತವೆಂದು 1958ರಲ್ಲಿ ವೇಯ್ನ್ ಬೋಲ್ಟನ್ ಲೆಕ್ಕ ಕೊಟ್ಟರು. ಮೇಲಿನ ಪಕ್ಕದ ಹಲ್ಲು ಕಡ್ಡಿಯಂತೆ ಸಣಕಲಾಗಿದ್ದರೆ ಈ ಲೆಕ್ಕ ತಪ್ಪುತ್ತದೆ. ಆಗ ಸಂದು ಮುಚ್ಚಿದರೆ ಕಚ್ಚುವಿಕೆ ಕೆಡುತ್ತದೆ, ಕಚ್ಚುವಿಕೆ ಸರಿಯಿಟ್ಟರೆ ಸಂದು ಉಳಿಯುತ್ತದೆ. ಎಷ್ಟು ಒಳ್ಳೆಯ ರಿಟೇನರ್ ಕೊಟ್ಟರೂ ಹಲ್ಲಿನ ಅಗಲ ಬೆಳೆಯುವುದಿಲ್ಲ. ಹಲ್ಲಿನ ಬಣ್ಣದ ಕಾಂಪೋಸಿಟ್ (ಹಲ್ಲು ತುಂಬಲು ಬಳಸುವ ರಾಳದ ಲೇಪ) ಹಚ್ಚಿ ಆ ಸಣ್ಣ ಹಲ್ಲನ್ನು ಅಗಲ ಮಾಡುವುದೇ ಸರಿಯಾದ ದಾರಿ.

ನಡುವಯಸ್ಸಿನಲ್ಲಿ ಮೇಲಿನ ಮುಂಬಲ್ಲುಗಳು ಬೀಸಣಿಗೆ ಬಿಚ್ಚಿದ ಹಾಗೆ ಮುಂದಕ್ಕೆ ಹರಡಿ, ಅಲ್ಲಲ್ಲಿ ಸಂದು ಬಿಡುತ್ತಿದ್ದರೆ, ಅದರಲ್ಲೂ ಹಲ್ಲುಜ್ಜುವಾಗ ರಕ್ತ ಬರುತ್ತಿದ್ದರೆ, ರಿಟೇನರ್ ಯೋಚನೆ ಆಮೇಲಿರಲಿ. ಒಸಡಿನ ರೋಗದಿಂದ ಬೇರಿನ ಸುತ್ತ ಮೂಳೆ ಕರಗಿದರೆ, ಮೊದಲು ತಡೆದುಕೊಳ್ಳುತ್ತಿದ್ದ ಮಾಮೂಲಿ ಒತ್ತಡವನ್ನೂ ಹಲ್ಲು ತಡೆಯಲಾರದು. ಕ್ಷಕಿರಣ ಚಿತ್ರ ತೆಗೆಸಬೇಕು, ಒಸಡಿನ ಆಳ ಅಳೆಸಬೇಕು, ಸೋಂಕು ಹತೋಟಿಗೆ ಬಂದ ಮೇಲಷ್ಟೇ ಹಲ್ಲು ಸರಿಸುವ ಮಾತು. ಉರಿಯೂತ ಇರುವಾಗಲೇ ಹಲ್ಲು ಎಳೆದರೆ ಉಳಿದ ಮೂಳೆಯೂ ಹೋಗುತ್ತದೆ. ಈ ಸಂದನ್ನು ಅಂದದ ತೊಂದರೆಯೆಂದು ತಿಳಿದು ವರ್ಷಗಟ್ಟಲೆ ಬಿಟ್ಟವರು ಹಲ್ಲನ್ನೇ ಕಳೆದುಕೊಳ್ಳುತ್ತಾರೆ. ಇಡೀ ಮಾತಿನಲ್ಲಿ ನೀವು ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಟ್ಟುಕೊಳ್ಳಿ.

ಹಲ್ಲು ಕೀಳಿಸಿ ಮುಚ್ಚಿದ ಜಾಗ ಮತ್ತೆ ಬಿಟ್ಟರೆ ಎರಡು ಸಂಗತಿ ನೋಡಬೇಕು. ಮೊದಲನೆಯದು ಬೇರುಗಳು. ಹಲ್ಲಿನ ತಲೆಗಳು ಕೂಡಿದರೂ ಬೇರುಗಳು ದೂರವೇ ಉಳಿದು ಹಲ್ಲು ಓರೆಯಾಗಿ ನಿಂತಿದ್ದರೆ, ಅದು ಮತ್ತೆ ನೆಟ್ಟಗಾಗುವಾಗ ತಲೆಗಳು ಬೇರೆಯಾಗುತ್ತವೆ. ಚಿಕಿತ್ಸೆಯ ಕೊನೆಗೆ ಕ್ಷಕಿರಣ ಚಿತ್ರ ತೆಗೆದು ಬೇರುಗಳು ಸಮಾಂತರವಿವೆಯೇ ಎಂದು ನೋಡುವುದು ಇದಕ್ಕೇ. ಎರಡನೆಯದು, ಮುಚ್ಚಿದ ಜಾಗದಲ್ಲಿ ಒಸಡು ಮಡಚಿಕೊಂಡು ಒಳಗೆ ಸಿಕ್ಕಿಕೊಂಡಿರುವುದು. ಆ ಮಡಿಕೆ ಆಳವಾಗಿದ್ದರೆ ಹಲ್ಲುಗಳನ್ನು ದೂರ ತಳ್ಳಬಹುದು, ಅಲ್ಲಿ ಆಹಾರವೂ ಸಿಕ್ಕಿಕೊಳ್ಳುತ್ತದೆ.

ಇನ್ನು ಸಂದಲ್ಲದ ಸಂದು. ಹಲ್ಲುಗಳ ತುದಿ ಕೂಡಿಯೇ ಇದ್ದು, ಒಸಡಿನ ಬಳಿ ಕಪ್ಪು ತ್ರಿಕೋನ ಕಾಣುತ್ತಿದ್ದರೆ ಹಲ್ಲು ಸರಿದಿಲ್ಲ. ಪರೀಕ್ಷೆ ಸುಲಭ. ಫ್ಲಾಸ್ ದಾರ ಹಾಕಿ. ಇಳಿಯುವಾಗ ತುದಿಯಲ್ಲಿ ಟಕ್ಕೆಂದು ಬಿಗಿಯಾಗಿ ಇಳಿದರೆ ಹಲ್ಲುಗಳು ತಾಗಿಕೊಂಡಿವೆ. ಹಲ್ಲುಗಳು ತಾಗುವ ಜಾಗದಿಂದ ಮೂಳೆಯ ಅಂಚಿಗೆ 5 ಮಿಲಿಮೀಟರ್ ಅಥವಾ ಕಡಿಮೆ ಇದ್ದರೆ ಒಸಡು ಆ ಜಾಗವನ್ನು ತುಂಬುತ್ತದೆ, 7 ಮಿಲಿಮೀಟರ್ ಇದ್ದರೆ ಹೆಚ್ಚಿನವರಲ್ಲಿ ತುಂಬುವುದಿಲ್ಲ ಎಂದು 1992ರಲ್ಲಿ ಡೆನಿಸ್ ಟಾರ್ನೋ ಮತ್ತು ಜೊತೆಗಾರರು ಅಳೆದು ತೋರಿಸಿದರು. ಇದಕ್ಕೆ ರಿಟೇನರ್ ಮದ್ದಲ್ಲ. ತಾಗುವ ಬದಿಗಳನ್ನು ಚೂರು ಉಜ್ಜಿ ಹತ್ತಿರ ತರುವುದೋ ಕಾಂಪೋಸಿಟ್ ಹಚ್ಚುವುದೋ ಮಾಡಬೇಕು.

ರಿಟೇನರ್‌ಗಳಲ್ಲಿ ಮೂರು ಬಗೆ. ಅಂಗುಳಕ್ಕೆ ಅಂಟುವ ಅಕ್ರಿಲಿಕ್ ತಟ್ಟೆ, ಮುಂದೆ ಸುಮಾರು 0.7 ಮಿಲಿಮೀಟರ್ ತಂತಿಯ ಕಮಾನು ಇರುವುದು ‘ಹಾಲಿ’ (Hawley) ಎಂಬ ಹೆಸರಿನ ರಿಟೇನರ್. ಗಟ್ಟಿಮುಟ್ಟು, ತಿದ್ದಿ ಬಿಗಿ ಮಾಡಬಹುದು, ಹಿಂದಿನ ಹಲ್ಲುಗಳು ಕಚ್ಚಿ ಹೊಂದಿಕೊಳ್ಳಲು ಬಿಡುತ್ತದೆ, ಅಗಲ ಮಾಡಿದ ಅಂಗುಳವನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಒಂದು ದೋಷ ಬಹಳ ಸಲ ಕಣ್ತಪ್ಪುತ್ತದೆ. ಮುಂದವಡೆ ಹಲ್ಲು ಕೀಳಿಸಿ ಜಾಗ ಮುಚ್ಚಿದವರಲ್ಲಿ ಕಮಾನಿನ ತಂತಿ ಕೋರೆಹಲ್ಲಿನ ಹಿಂದೆ, ಸರಿಯಾಗಿ ಆ ಮುಚ್ಚಿದ ಜಾಗದ ಮೇಲೆಯೇ ಹಾದು ಒಳಗೆ ಹೋದರೆ, ಬೆಣೆ ಹೊಡೆದ ಹಾಗೆ ಅದೇ ಸಂದನ್ನು ಬಿಡಿಸುತ್ತದೆ. ಇಂಥವರಿಗೆ ಕಮಾನನ್ನು ದವಡೆಹಲ್ಲಿನ ಕೊಂಡಿಗೆ ಬೆಸುಗೆ ಹಾಕಿದ ರಿಟೇನರ್ ಬೇಕು.

ಎರಡನೆಯದು 0.75 ಅಥವಾ 1 ಮಿಲಿಮೀಟರ್ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ ಹಲ್ಲಿನ ಅಚ್ಚಿನ ಮೇಲೆ ಎಳೆದು ಮಾಡಿದ ಪಾರದರ್ಶಕ ರಿಟೇನರ್. ಮುಂಬಲ್ಲು ಹಿಡಿಯುವುದರಲ್ಲಿ ಚೆನ್ನ, ಕಾಣುವುದೂ ಇಲ್ಲ. ಹಲ್ಲು ಕಡಿಯುವವರಲ್ಲಿ ಬೇಗ ಸವೆದು ತೂತು ಬೀಳುತ್ತದೆ. ಬಿಸಿನೀರಿನಲ್ಲಿ ತೊಳೆದರೆ ಸೊಟ್ಟಗಾಗುತ್ತದೆ, ಆಮೇಲೆ ಆ ಸೊಟ್ಟ ಆಕಾರಕ್ಕೇ ಹಲ್ಲನ್ನು ತಳ್ಳುತ್ತದೆ. ಅದನ್ನು ಹಾಕಿಕೊಂಡು ಸಿಹಿ ಪಾನೀಯ ಕುಡಿದರೆ ಸಕ್ಕರೆ ಒಳಗೆ ಕಟ್ಟಿಕೊಂಡು ಎನಾಮೆಲ್ ಕರಗುತ್ತದೆ; ನೀರು ಮಾತ್ರ ಕುಡಿಯಬಹುದು. ತೊಳೆಯಲು ತಣ್ಣೀರು, ಮೆದು ಬ್ರಷ್, ಒಂದು ಹನಿ ಪಾತ್ರೆ ತೊಳೆಯುವ ದ್ರವ ಸಾಕು. ಟೂತ್‌ಪೇಸ್ಟ್ ಗೀರುತ್ತದೆ, ಗೀರಿನಲ್ಲಿ ಕೊಳೆ ಕೂರುತ್ತದೆ. ಊಟದ ಹೊತ್ತಿನಲ್ಲಿ ಟಿಶ್ಯೂ ಕಾಗದದಲ್ಲಿ ಸುತ್ತಿಟ್ಟರೆ ಕಸದ ಬುಟ್ಟಿಗೇ ಹೋಗುತ್ತದೆ. ಡಬ್ಬಿಯಲ್ಲೇ ಇಡಿ.

ಮೂರನೆಯದು ಹಲ್ಲಿನ ಹಿಂಬದಿಗೆ ಕಾಂಪೋಸಿಟ್‌ನಿಂದ ಅಂಟಿಸುವ ಸಣ್ಣ ಹೆಣೆದ ತಂತಿ. ಸಾಮಾನ್ಯವಾಗಿ ಒಂದು ಕೋರೆಹಲ್ಲಿನಿಂದ ಇನ್ನೊಂದರವರೆಗೆ. ಹಾಕಿಕೊಳ್ಳಲು ಮರೆಯುವ ಪ್ರಶ್ನೆಯೇ ಇಲ್ಲ, ಸಂದು ಮುಚ್ಚಿದವರಿಗೆ ನಮ್ಮ ಮೊದಲ ಆಯ್ಕೆ ಇದೇ. ಆದರೆ ಆರು ಹಲ್ಲಿನಲ್ಲಿ ಒಂದರ ಅಂಟು ಬಿಟ್ಟರೂ ತಂತಿ ಉಳಿದ ಐದಕ್ಕೆ ಅಂಟಿಯೇ ಇರುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ, ಆ ಒಂದು ಹಲ್ಲು ಸದ್ದಿಲ್ಲದೆ ಸರಿಯುತ್ತದೆ. ಅದಕ್ಕೆ ವಾರಕ್ಕೊಮ್ಮೆ ಉಗುರಿನಿಂದ ಒಂದೊಂದು ಅಂಟಿನ ಗುಬುಟನ್ನೂ ಮುಟ್ಟಿ ನೋಡಿ. ಅಲುಗಿದರೆ, ಚೂಪು ತಗುಲಿದರೆ ಆ ವಾರದಲ್ಲೇ ಅಂಟಿಸಿಕೊಳ್ಳಿ. ಇನ್ನೊಂದು ಅಪರೂಪದ, ಆದರೆ ಗಂಭೀರವಾದ ತೊಂದರೆಯಿದೆ. ಅಂಟೆಲ್ಲ ಗಟ್ಟಿಯಾಗಿದ್ದರೂ, ತಂತಿಯಲ್ಲಿ ಉಳಿದ ಬಿಗಿತದಿಂದಲೋ ಕಾಲಕ್ರಮದಲ್ಲಿ ಬಾಗಿದ್ದರಿಂದಲೋ ತಂತಿಯೇ ಹಲ್ಲನ್ನು ತಿರುಚತೊಡಗುತ್ತದೆ. ಒಂದು ಬದಿಯ ಕೋರೆಹಲ್ಲಿನ ಬೇರು ಹೊರಗೆ ಉಬ್ಬಿ, ಇನ್ನೊಂದು ಬದಿಯದು ಒಳಗೆ ಸರಿದು, ಒಸಡು ಇಳಿಯುತ್ತದೆ. ಆಗ ಮಾಡಬೇಕಾದ ಮೊದಲ ಕೆಲಸ ಆ ತಂತಿ ತೆಗೆಯುವುದು. ಅಂಟಿಸಿದ ತಂತಿಯ ಕೆಳಗೆ ಪಾಚಿ ಕಲ್ಲುಗಟ್ಟುವುದಂತೂ ಸಾಮಾನ್ಯ, ಹಾಗಾಗಿ ದಿನವೂ ಸಂದಿನ ಬ್ರಷ್ಷೋ ದಾರ ತೂರಿಸುವ ಪ್ಲಾಸ್ಟಿಕ್ ಸೂಜಿಯೋ ಬೇಕೇ ಬೇಕು.

ಬಿಚ್ಚಿ ಹಾಕುವ ರಿಟೇನರ್‌ಗೆ ಎಚ್ಚರಿಕೆಯ ಕ್ರಮವೆಂದರೆ ಮೊದಲ ಮೂರರಿಂದ ಆರು ತಿಂಗಳು ಊಟ ಮತ್ತು ಹಲ್ಲುಜ್ಜುವ ಹೊತ್ತು ಬಿಟ್ಟು ಪೂರ್ತಿ ದಿನ, ಆಮೇಲೆ ಪ್ರತಿ ರಾತ್ರಿ. ಹಾಕುವಾಗಿನ ಬಿಗಿತವೇ ನಿಮ್ಮ ಅಳತೆಗೋಲು. ಕೆಲವು ದಿನ ಬಿಟ್ಟು ಹಾಕಿದಾಗ ಬಿಗಿ ಎನಿಸಿದರೂ ಪೂರ್ತಿ ಕೂತರೆ, ಹಲ್ಲು ಸ್ವಲ್ಪ ಸರಿದಿದೆ, ಒಂದೆರಡು ವಾರ ಹಗಲೂ ರಾತ್ರಿ ಹಾಕಿದರೆ ಮರಳಿ ಬರುವ ಸಾಧ್ಯತೆ ಹೆಚ್ಚು. ಹಲ್ಲಿನ ತುದಿಗೂ ಪ್ಲಾಸ್ಟಿಕ್ಕಿಗೂ ನಡುವೆ ಖಾಲಿ ಜಾಗ ಕಂಡರೆ, ಅಥವಾ ಕಚ್ಚಿ ಕೂರಿಸಬೇಕೆನಿಸಿದರೆ, ಬಲವಂತ ಮಾಡಬೇಡಿ. ರಿಟೇನರ್ ಮುರಿಯುತ್ತದೆ, ಹಲ್ಲಿಗೂ ಪೆಟ್ಟು. ಆ ವಾರದಲ್ಲೇ ತೋರಿಸಿ. ಒಂದು ಮಿಲಿಮೀಟರಿನ ಆಸುಪಾಸಿನ ಸಂದನ್ನು ಕಮಾನು ಬಿಗಿ ಮಾಡಿಯೋ ಕೆಲವೇ ಅಲೈನರ್‌ಗಳಿಂದಲೋ (ಹಲ್ಲು ಸರಿಸುವ ಪಾರದರ್ಶಕ ಪ್ಲಾಸ್ಟಿಕ್ ಅಚ್ಚುಗಳು) ಮುಚ್ಚಬಹುದು. ಕೆಳ ಬಾಚಿಹಲ್ಲುಗಳ ಸಣ್ಣ ಇಕ್ಕಟ್ಟಿಗೆ ಬದಿಯೊಂದಕ್ಕೆ ಸುಮಾರು 0.25 ಮಿಲಿಮೀಟರ್ ಎನಾಮೆಲ್ ಉಜ್ಜಿ ಜಾಗ ಮಾಡಿಕೊಳ್ಳಬಹುದು. ತಡಮಾಡಿದಷ್ಟೂ ಪೂರ್ತಿ ಕ್ಲಿಪ್ಪಿನ ಕಡೆಗೇ ದಾರಿ.

ಸಂದು ಮುಚ್ಚಲೆಂದು ಎರಡು ಮುಂಬಲ್ಲಿಗೆ ರಬ್ಬರ್‌ಬ್ಯಾಂಡ್ ಸುತ್ತಿಕೊಳ್ಳುವುದನ್ನು ಯಾರೇ ತೋರಿಸಿಕೊಟ್ಟರೂ ಮಾಡಬೇಡಿ. ಹಲ್ಲಿನ ಬೇರು ತುದಿಯ ಕಡೆಗೆ ಸಣ್ಣಗಾಗುತ್ತಾ ಹೋಗುವುದರಿಂದ ರಬ್ಬರ್ ಜಾರಿ ಒಸಡಿನೊಳಗೆ ಸೇರುತ್ತದೆ. ಕಣ್ಣಿಗೂ ಕಾಣದು, ಕ್ಷಕಿರಣ ಚಿತ್ರದಲ್ಲೂ ಸುಲಭಕ್ಕೆ ಸಿಗದು. ಅದು ಬೇರಿನುದ್ದಕ್ಕೂ ಏರುತ್ತಾ ನಾರನ್ನೂ ಮೂಳೆಯನ್ನೂ ಕತ್ತರಿಸುತ್ತದೆ. ಸಂದು ಮುಚ್ಚಿತೆಂದು ಸಂತೋಷಪಡುವ ಹೊತ್ತಿಗೆ ಎರಡೂ ಆರೋಗ್ಯವಂತ ಹಲ್ಲು ಸಡಿಲವಾಗಿ, ಉಳಿಸಲಾಗದ ಸ್ಥಿತಿಗೆ ಬಂದಿರುತ್ತವೆ.

ಕ್ಲಿಪ್ ಬಿಚ್ಚುವ ದಿನ ಇನ್ನೂ ಬಾಕಿ ಇರುವವರಿಗೆ ಕೊನೆಯ ಮಾತು. ಆ ದಿನದ ಹಲ್ಲಿನ ಸ್ಕ್ಯಾನ್ ಕಡತವನ್ನೋ ಅಚ್ಚನ್ನೋ ಕೇಳಿ ಇಟ್ಟುಕೊಳ್ಳಿ. ರಿಟೇನರ್ ಕಳೆದರೆ ಹಲ್ಲು ಸರಿಯುವ ಮೊದಲೇ ಅದರಿಂದ ಇನ್ನೊಂದು ಮಾಡಿಸಬಹುದು. ಆಗಲೇ ಒಂದು ಜೊತೆ ಹೆಚ್ಚಿಗೆ ಮಾಡಿಸಿಟ್ಟರೆ ಇನ್ನೂ ಒಳ್ಳೆಯದು. ಅದೇ ದಿನ ಮುಂದಿನಿಂದ, ಎರಡು ಬದಿಯಿಂದ, ಹಲ್ಲಿನ ತುದಿಗಳ ಮೇಲಿನಿಂದ ಫೋಟೊ ತೆಗೆದುಕೊಳ್ಳಿ, ತಿಂಗಳಿಗೊಮ್ಮೆ ಅದೇ ಕೋನದಲ್ಲಿ ಮತ್ತೆ ತೆಗೆಯಿರಿ. ಕನ್ನಡಿ ದಿನವೂ ನೋಡುವ ಕಣ್ಣಿಗೆ ಅರ್ಧ ಮಿಲಿಮೀಟರ್ ಗೊತ್ತಾಗುವುದಿಲ್ಲ, ಎರಡು ಫೋಟೊ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ.